ಏಳು ಸಂಚಿಕೆ, ಒಂದು ರಟ್ಟು

ಲೋಕ ಹಾಳಾದ ಮೇಲೆ ಉಳಿದವರ ಪಾಡೇನು ಎಂದು ಹೇಳುವ ಭಯಾನಕ ಕಾಮಿಕ್ಸ್ ಪುಸ್ತಕಗಳು ನನ್ನ ಕಪಾಟಿನಲ್ಲಿ ಎರಡು ಸಾಲು ತುಂಬಿವೆ. ಎಲ್ಲವೂ ಗಟ್ಟಿ ರಟ್ಟಿನವು. ಮೊದಲ ಸಾಲಿನ ಮೊದಲ ಪುಸ್ತಕ ಮಾತ್ರ ಅಂಗಡಿಯಿಂದ ಬಂದದ್ದಲ್ಲ. ಹೊಳೆನರಸೀಪುರದ ಬೈಂಡರ್ ಒಬ್ಬರು ಏಳು ಬಿಡಿ ಸಂಚಿಕೆಗಳನ್ನು ದಬ್ಬಳದಿಂದ ಹೊಲಿದು, ಹಸಿರು ಕ್ಯಾಲಿಕೊ ಬಟ್ಟೆ ಹಾಕಿ ಕೊಟ್ಟದ್ದು. ಆ ಪುಸ್ತಕದ ದೆಸೆಯಿಂದ ಅವರಿಗೆ ಒಂದು ಬೀದಿಯ ಕೆಲಸವೇ ತಪ್ಪಿಹೋಯಿತು. ಅವರು ಸಂಚಿಕೆಗಳನ್ನು ತಿರುವುಮುರುವಾಗಿ ಹೊಲಿದರು ಎಂಬುದು ಅವರ ಮೇಲಿನ ದೂರು. ದೂರು ಕೊಟ್ಟವಳು ನಾನು. ಆಗ ನನಗೆ ಹದಿನಾಲ್ಕು ವರ್ಷ. ತಪ್ಪು ನಿಜಕ್ಕೂ ಅವರದಾಗಿತ್ತೇ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಬಹಳ ತಡವಾಗಿ.

ತೊಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ಹಾಸನದಲ್ಲಿ ಸರ್ಕಾರಿ ಕಚೇರಿಯೊಂದರ ಗುಮಾಸ್ತರು. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಳೇ ಪೇಪರ್ ಅಂಗಡಿ ಇತ್ತು. ಗೊರೂರಿನ ನೀರಾವರಿ ಕ್ವಾರ್ಟರ್ಸಿನಿಂದ ಯಾರೋ ಎಂಜಿನಿಯರ್ ವರ್ಗವಾಗಿ ಹೋಗುವಾಗ ಮನೆಯ ಪೇಪರನ್ನೆಲ್ಲ ಅಲ್ಲಿಗೆ ಹಾಕಿಹೋಗಿದ್ದರು. ಆ ಗಂಟಿನೊಳಗೆ ಇಂಗ್ಲಿಷ್ ಕಾಮಿಕ್ಸ್ ಇದ್ದವು. ಎಂಜಿನಿಯರ್ ವಿಷಯ ಅಂಗಡಿಯವರು ಹೇಳಿದ್ದೋ, ನಾನೇ ಆಮೇಲೆ ಕಟ್ಟಿಕೊಂಡದ್ದೋ, ಈಗ ಖಚಿತವಿಲ್ಲ. ಅಂಗಡಿಯವರ ಮಾತು ಮಾತ್ರ ಕಿವಿಯಲ್ಲಿದೆ.

"ತಗೋ ಪುಟ್ಟಿ, ದೆವ್ವದ ಬುಕ್ಕು. ಆಮೇಲೆ ಜ್ವರ ಬಂತು ಅಂತ ನಿಮ್ಮಪ್ಪನ್ನ ಕರ್ಕೊಂಡು ಬರಬೇಡ."

ನನಗೆ ಮೊದಲು ಸಿಕ್ಕ ಸಂಚಿಕೆಯಲ್ಲಿ ಒಂದು ಮನೆ, ಅಡುಗೆಮನೆ, ಬೆಳಗಿನ ತಿಂಡಿ. ತಾಯಿ, ಇಬ್ಬರು ಮಕ್ಕಳು, ಒಬ್ಬ ಮುದುಕ. ಕೊನೆಯ ಚೌಕದಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ, ಅಷ್ಟೇ. ಇದರಲ್ಲಿ ಹೆದರುವುದಕ್ಕೆ ಏನಿದೆ ಎಂದು ಹುಡುಕಲು ಮತ್ತೆ ಅಂಗಡಿಗೆ ಹೋದೆ. ಹೀಗೆ ಹುಡುಕುತ್ತ ಹುಡುಕುತ್ತ ಆರು ಸಂಚಿಕೆಗಳಾದವು. ಬೂದಿ ಬೀಳುತ್ತದೆ. ಊರು ಖಾಲಿಯಾಗುತ್ತದೆ. ನೆಲಮಾಳಿಗೆಗಳಲ್ಲಿ ಕಣ್ಣಿಲ್ಲದ ಜೀವಿಗಳು ಉಸಿರಾಡುತ್ತವೆ. ಸಂಚಿಕೆಗಳು ಕಳೆದಂತೆ ಮನೆಯವರಲ್ಲಿ ಒಬ್ಬೊಬ್ಬರೇ ಇಲ್ಲವಾಗುತ್ತಾರೆ.

ಕೊನೆಯದಾಗಿ ಕೈಗೆ ಬಂದದ್ದು ಅರಕಲಗೂಡಿನಲ್ಲಿ. ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆವು. ದಿನಸಿ ಅಂಗಡಿಯ ಕಟ್ಟೆಯ ಮೇಲೆ ಪೊಟ್ಟಣ ಕಟ್ಟಲು ಇಟ್ಟ ಹಳೇ ಪೇಪರಿನ ನಡುವೆ ಬೂದಿ ಬಣ್ಣದ ಹಾಳೆಯ ಅಂಚು ಕಂಡಿತು. ಅಂಗಡಿಯವನು ಅದನ್ನು ಎಳೆದು ಹರಿಯಲು ಹೊರಟಿದ್ದ.

"ಅಣ್ಣಾ, ಅದನ್ನ ಹರೀಬೇಡಿ!"

"ಯಾಕವ್ವಾ, ಒಳ್ಗೆ ದೇವ್ರು ಪಟ ಐತಾ?"

"ಇಲ್ಲ, ದೆವ್ವದ್ದು."

"ಅಂಗಾರೆ ಮೊದ್ಲು ತಕ್ಕೊಂಡೋಗು ಮಾರಾಯ್ತಿ. ಬೆಳ್ಳುಳ್ಳಿ ಕಟ್ಕೊಟ್ರೆ ಗಿರಾಕಿ ಮನೇಗೆ ಓಗಿ ಕುಂತ್ಕಂಡಾತು!"

ಅದರಲ್ಲಿ ತಾಯಿ ಒಬ್ಬಳೇ ಬೂದಿಯ ಮೇಲೆ ನಡೆಯುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ಮಾತೂ ಇರಲಿಲ್ಲ.

ನನಗೆ ಆ ಕಥೆ ಭಯಕ್ಕಿಂತ ಪ್ರಶ್ನೆಗಳನ್ನೇ ಹೆಚ್ಚು ಹುಟ್ಟಿಸಿತು. ಎಲ್ಲರೂ ಹೋದ ಮೇಲೆ ಗಡಿಯಾರಕ್ಕೆ ಕೀ ಯಾರು ಕೊಡುತ್ತಾರೆ? ಕೆರೆ ಕೋಡಿ ಬಿದ್ದರೆ ನೋಡುವವರು ಯಾರು? ಅಪ್ಪನನ್ನು ಕೇಳಿದ್ದೆ: "ಜನರೆಲ್ಲ ಸತ್ತುಹೋದರೆ ಗೊರೂರು ಡ್ಯಾಮಿನ ಗೇಟು ಯಾರು ತೆಗೀತಾರೆ?" ಅಪ್ಪ ಪತ್ರಿಕೆಯಿಂದ ತಲೆ ಎತ್ತದೆ, "ಬೇರೆ ಜಿಲ್ಲೆಯಿಂದ ಯಾರನ್ನಾದ್ರೂ ಡೆಪ್ಯುಟೇಷನ್ ಮೇಲೆ ಹಾಕ್ತಾರೆ" ಎಂದರು.

ಸಂಚಿಕೆಗಳ ಮುಖಪುಟದ ಮೂಲೆಯಲ್ಲಿ ಚಿಕ್ಕ ಚೌಕವೊಂದರಲ್ಲಿ ಅಂಕಿ ಇತ್ತು. ಅಡುಗೆಮನೆಯ ಸಂಚಿಕೆಗೆ ಏಳು. ತಾಯಿ ಒಬ್ಬಳೇ ನಡೆಯುವ ಸಂಚಿಕೆಗೆ ಒಂದು. ಇದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಟೀವಿಯಲ್ಲಿ ರಾಕೆಟ್ ಹಾರಿಸುವಾಗ ಹಿಂದಿನಿಂದ ಎಣಿಸುವುದನ್ನು ನೋಡಿದ್ದೆ. ಲೋಕ ಮುಗಿಯುವ ಕಥೆಯಲ್ಲವೇ, ಅದಕ್ಕೇ ಏಳರಿಂದ ಒಂದಕ್ಕೆ ಇಳಿಸಿದ್ದಾರೆ ಎಂದು ತೀರ್ಮಾನಿಸಿದೆ. ಎಂಥ ಜಾಣತನ ಎಂದು ಬರೆದವರನ್ನು ಮೆಚ್ಚಿಕೊಂಡೆ. ಅದನ್ನು ಕಂಡುಹಿಡಿದ ನನ್ನನ್ನೂ ಮೆಚ್ಚಿಕೊಂಡೆ.

ಆ ಬೇಸಿಗೆ ರಜೆಯಲ್ಲಿ ಏಳೂ ಸಂಚಿಕೆಗಳನ್ನು ಏಳರಿಂದ ಒಂದಕ್ಕೆ ಜೋಡಿಸಿ ಹೊಳೆನರಸೀಪುರದ ದೊಡ್ಡಮ್ಮನ ಮನೆಗೆ ತೆಗೆದುಕೊಂಡು ಹೋದೆ. ಅಮ್ಮನ ಅಕ್ಕ ಅವರು. ಕೋಟೆ ಕಡೆಯ ಹಳೇ ಬೀದಿ, ಸಾಲು ಮನೆಗಳು, ಪ್ರತಿ ಮನೆಗೂ ಜಗಲಿ. ಆ ಬೀದಿಯ ಹೆಂಗಸರೆಲ್ಲ ವಾರಪತ್ರಿಕೆಯ ಧಾರಾವಾಹಿಗಳನ್ನು ಹರಿದಿಟ್ಟು, ಕಥೆ ಮುಗಿದ ಮೇಲೆ ಬೈಂಡ್ ಮಾಡಿಸುತ್ತಿದ್ದರು. ಒಂದು ಮನೆಯ ಪುಸ್ತಕ ಬೀದಿಯನ್ನೆಲ್ಲ ಸುತ್ತಿ, ಮೂಲೆ ಮಡಿಸಿಕೊಂಡು, ಹುಳಿಯ ಕಲೆ ಹಚ್ಚಿಕೊಂಡು ವಾಪಸು ಬರುತ್ತಿತ್ತು. ರಟ್ಟಿಲ್ಲದ್ದು ಆ ಬೀದಿಯಲ್ಲಿ ಬಾಳುತ್ತಿರಲಿಲ್ಲ. ಗಟ್ಟಿ ರಟ್ಟಿದ್ದರೇ ಪುಸ್ತಕ ಎಂಬ ಭಾವನೆ ನನಗೆ ಬಂದದ್ದು ಅಲ್ಲಿಂದಲೇ ಇರಬೇಕು.

ಬೈಂಡಿಂಗ್ ಕೆಲಸವೆಲ್ಲ ಒಬ್ಬರೇ ಬೈಂಡರಿಗೆ. ಪೇಟೆಯಲ್ಲಿ ಅವರದೊಂದು ಸಣ್ಣ ಅಂಗಡಿ. ಮೈದಾ ಗೋಂದಿಗೆ ಹುಳ ಬೀಳದಂತೆ ಮೈಲುತುತ್ತ ಬೆರೆಸುತ್ತಿದ್ದರು, ಅದರಿಂದ ಅವರ ಉಗುರು ಸದಾ ನೀಲಿ. ಮನೆಗೇ ಬಂದು ಜಗಲಿಯ ಮೇಲೆ ಕುಳಿತು ಹಾಳೆಗಳ ಗಂಟು ತೆಗೆದುಕೊಂಡು ಹೋಗುತ್ತಿದ್ದರು. ಅವರಿಗೊಂದು ಪದ್ಧತಿ ಇತ್ತು. ಮನೆಯವರು ಜೋಡಿಸಿ ಕೊಟ್ಟ ಕ್ರಮವನ್ನು ನಂಬುತ್ತಿರಲಿಲ್ಲ. ಮನೆಗಳಲ್ಲಿ ಹತ್ತು ಕೈ ಓಡಾಡಿರುತ್ತದೆ. ಕಂತಿನ ಅಂಕಿ ನೋಡಿ ತಾವೇ ಮತ್ತೆ ಜೋಡಿಸುತ್ತಿದ್ದರು. ಆಮೇಲೆ ಮುಖಪುಟ, ಜಾಹೀರಾತುಗಳನ್ನು ಕಿತ್ತುಹಾಕಿ ಕಥೆಯನ್ನಷ್ಟೇ ಹೊಲಿಯುತ್ತಿದ್ದರು.

ನನ್ನ ಗಂಟು ಬಿಚ್ಚಿ ನೋಡಿದವರು ದೊಡ್ಡಮ್ಮ.

"ಇದೇನೇ ಇದು, ಬರೀ ಮೂಳೆ! ಇದಕ್ಕೂ ರಟ್ಟು ಬೇಕಾ?"

"ಕಥೆ ಚೆನ್ನಾಗಿದೆ ದೊಡ್ಡಮ್ಮ."

"ಆಗಲಿ, ನಿನ್ನ ಪುಸ್ತಕ. ನಮ್ಮ ಪುಸ್ತಕದ ಜೊತೆ ಮಾತ್ರ ಇಡಬೇಡ."

ಬೈಂಡರು ಒಂದು ಹಾಳೆ ತಿರುವಿ ನಕ್ಕರು. "ಏನ್ ಮಗಾ, ಎಲ್ಲಾರ್ನೂ ಸಾಯ್ಸವ್ನಲ್ಲ ಇವ್ನು. ಕಥೆ ಕೇಳಾಕೆ ಒಬ್ರಾದ್ರೂ ಇರ್ಬ್ಯಾಡ್ವಾ?"

"ಇದೇ ಕ್ರಮದಲ್ಲಿ ಹೊಲೀರಿ" ಎಂದು ಅವರಿಗೆ ಹೇಳಿದೆನೇ? ಹೇಳಿದೆ ಎಂದೇ ಬಹಳ ವರ್ಷ ನಂಬಿದ್ದೆ. ಈಗ ಆ ಜಗಲಿಯನ್ನು ಎಷ್ಟು ನೆನೆದರೂ ನನ್ನ ಬಾಯಿ ಮಾತ್ರ ಆಡುವುದು ಕಾಣುವುದಿಲ್ಲ.

ಒಂದು ವಾರಕ್ಕೆ ಬೈಂಡರು ಪುಸ್ತಕ ತಂದುಕೊಟ್ಟರು. ಹಸಿರು ಬೆನ್ನು, ನಾಲ್ಕು ಮೂಲೆಗೂ ಹಸಿರು ಬಟ್ಟೆ. ತೆರೆದರೆ ಬೂದಿ. ತಾಯಿ ಒಬ್ಬಳೇ ನಡೆಯುತ್ತಿದ್ದಾಳೆ. ಕೊನೆಗೆ ಹೋದರೆ ಅಡುಗೆಮನೆ, ತಿಂಡಿ. ಪ್ರಳಯವಾಗಿ, ಆಮೇಲೆ ಎಲ್ಲರೂ ಎದ್ದು ಬಂದು ತಿಂಡಿಗೆ ಕೂತ ಹಾಗೆ. ನಾನು ಅತ್ತೆ. ಹಗುರಾಗಿ ಅಲ್ಲ, ಬೀದಿಗೆಲ್ಲ ಕೇಳುವ ಹಾಗೆ ಅತ್ತೆ.

"ಏನ್ರೀ ಇದು? ಮಗು ಜೋಡಿಸಿ ಕೊಟ್ಟಿದ್ದನ್ನ ಉಲ್ಟಾ ಹೊಲಿದು ತಂದಿದ್ದೀರಲ್ಲ?" ಎಂದರು ದೊಡ್ಡಮ್ಮ.

"ಇಲ್ಲ ಕಣ್ರಮ್ಮಾ. ನಂಬ್ರು ಇದ್ದಂಗೇ ಆಕಿವ್ನಿ. ಒಂದು, ಎಲ್ಡು, ಮೂರು..."

"ಇಂಗ್ಲಿಷ್ ಕಥೆ ನಿಮಗೆ ಓದೋಕೆ ಬರುತ್ತಾ? ಓದಿರೋಳು ಅವಳು. ಅವಳು ಹೇಳ್ತಿದ್ದಾಳೆ ಉಲ್ಟಾ ಅಂತ."

"ಕಥೆ ಬರಾಕಿಲ್ಲ ಕಣ್ರಮ್ಮಾ. ನಂಬ್ರು ಬತ್ತದೆ."

ಮುಖಪುಟಗಳನ್ನು ಅವರು ಆಗಲೇ ಕಿತ್ತುಹಾಕಿದ್ದರು. ತೋರಿಸಲು ಅವರ ಕೈಯಲ್ಲಿ ಏನೂ ಇರಲಿಲ್ಲ. ಅಂಕಿಯ ವಿಷಯ ಗೊತ್ತಿದ್ದ ಇನ್ನೊಬ್ಬಳು ನಾನು. ನಾನೇನು ಹೇಳಿದೆ? ಹಿಂದಿನಿಂದ ಎಣಿಸಬೇಕು ಎಂಬ ನನ್ನ ಸಿದ್ಧಾಂತವನ್ನು ವಿವರಿಸಿದೆನೇ, ಸುಮ್ಮನಿದ್ದೆನೇ? ಅಂದಿನ ದಿನಚರಿಯಲ್ಲಿ ಎರಡೇ ಸಾಲಿವೆ: "ಬೈಂಡು ಹಾಳಾಯಿತು. ರಾಗಿ ದೋಸೆ ಮಾಡಿದ್ದರು, ತಿನ್ನಲಿಲ್ಲ."

ಅಂದಿನಿಂದ ದೊಡ್ಡಮ್ಮನ ಹಾಳೆಗಳು ಚನ್ನರಾಯಪಟ್ಟಣದ ಬೈಂಡರಿಗೆ ಹೋದವು. ಅವರ ಮೈದುನ ಅಲ್ಲಿದ್ದರು, ಬರುವಾಗ ಹೋಗುವಾಗ ಒಯ್ಯುತ್ತಿದ್ದರು. ದೊಡ್ಡಮ್ಮನ ಹಿಂದೆ ಬೀದಿಯ ಮಿಕ್ಕ ಮನೆಗಳೂ ಅದೇ ದಾರಿ ಹಿಡಿದವು.

ಮೈಸೂರಿನ ಹಾಸ್ಟೆಲ್ಲಿನಲ್ಲಿ ಎಂ.ಎ. ಓದುವಾಗ ಇದನ್ನು ನಾನೊಂದು ತಮಾಷೆಯ ಕಥೆ ಮಾಡಿಕೊಂಡಿದ್ದೆ. ಇಂಗ್ಲಿಷ್ ಬಾರದ ಬೈಂಡರು, ಚಿತ್ರ ನೋಡಿ ನೋಡಿ ಸಂಕಟಪಟ್ಟು, "ಕಥೆ ಅಂದ್ಮೇಲೆ ಕೊನೇಲಿ ಮಂಗಳ ಆಗ್ಬೇಕು" ಎಂದು ಪ್ರಳಯವನ್ನೇ ಹಿಂದುಮುಂದು ಮಾಡಿದರು ಎಂದು ಹೇಳುತ್ತಿದ್ದೆ. ಗೆಳತಿಯರು ಬಿದ್ದು ಬಿದ್ದು ನಗುತ್ತಿದ್ದರು. ಆ ಮಂಗಳದ ಮಾತನ್ನು ಬೈಂಡರು ಆಡಿಯೇ ಇರಲಿಲ್ಲ. ಎಷ್ಟನೆಯ ಸಲ ಹೇಳುವಾಗ ಅದು ಕಥೆಯೊಳಗೆ ಸೇರಿತೋ ತಿಳಿಯದು. ಆದರೆ ಸೇರಿದ ಮೇಲೆ ಅವರ ದನಿಯಲ್ಲೇ ನನಗೆ ಕೇಳಿಸತೊಡಗಿತು, ನೀಲಿ ಉಗುರಿನ ಕೈ ಸನ್ನೆಯ ಸಮೇತ.

ಎರಡು ಸಾವಿರದ ಇಸವಿಯ ನಂತರ ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ನನಗೆ ಪಾಠ ಮಾಡುವ ಕೆಲಸ ಸಿಕ್ಕಿತು. ದಿನಾ ಹಾಸನದಿಂದ ಬಸ್ಸು. ಸಂಬಳ ಬಂದ ಮೇಲೆ ಹಳೇ ಚಾಳಿ ಚಿಗುರಿತು. ಬೆಂಗಳೂರಿಗೆ ಹೋಗುವ ಸಹೋದ್ಯೋಗಿಗಳ ಕೈಗೆ ಚೀಟಿ ಕೊಟ್ಟು ಕಳಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಒಬ್ಬರು, "ಮೇಡಂ, ನಾವು ಸೈಟಿಗೆ ಅರ್ಜಿ ಹಾಕ್ತಿದ್ರೆ ನೀವು ಭೂಮಿಯೇ ಇಲ್ಲದ ಪುಸ್ತಕ ತರಿಸ್ತೀರಲ್ಲ" ಎಂದು ರೇಗಿಸುತ್ತಿದ್ದರು. ಒಂದೊಂದು ಪುಸ್ತಕದಲ್ಲೂ ನಾನು ಅದೇ ಹುಡುಕುತ್ತಿದ್ದೆ: ಉಳಿದವರು ಮೊದಲು ಏನು ಮಾಡುತ್ತಾರೆ? ಕೆಲವು ಪುಸ್ತಕಗಳಲ್ಲಿ ಬಂದೂಕು ಹುಡುಕುತ್ತಾರೆ. ಒಂದರಲ್ಲಿ ಒಬ್ಬ ಮುದುಕ ಪಕ್ಕದ ಮನೆಯವರು ಬಿಟ್ಟುಹೋದ ಗಿಡಗಳಿಗೆ ನೀರು ಹಾಕುತ್ತಾನೆ. ಆ ಪುಟ ನೋಡಲು ಈಗಲೂ ತೆಗೆಯುತ್ತೇನೆ.

ಹೀಗೆ ತರಿಸುತ್ತಿರುವಾಗ ಒಂದು ದಿನ ಆ ಏಳು ಸಂಚಿಕೆಗಳೇ ಬಂದವು. ಪ್ರಕಾಶಕರೇ ಒಂದುಗೂಡಿಸಿದ ಗಟ್ಟಿ ರಟ್ಟಿನ ಆವೃತ್ತಿ. ಕಡೆಗೂ ಸರಿಯಾದ ಕ್ರಮದಲ್ಲಿ ನೋಡಬಹುದು ಎಂದುಕೊಂಡು ತೆರೆದೆ. ಬೂದಿ. ತಾಯಿ ಒಬ್ಬಳೇ ನಡೆಯುತ್ತಿದ್ದಾಳೆ. ಕೊನೆಗೆ ಹೋದೆ. ಅಡುಗೆಮನೆ, ತಿಂಡಿ, ಬಾಗಿಲು ತಟ್ಟುವ ಸದ್ದು.

ಕಥೆಯನ್ನು ಹಿಂದಕ್ಕೆ ನಡೆಸಿದ್ದೇವೆ, ಮುಂದೇನಾಯಿತೆಂದು ಓದುವವರಿಗೆ ಮೊದಲೇ ತಿಳಿದಿರಬೇಕು, ಆ ತಿಂಡಿಯ ಹೊತ್ತೇ ಎಲ್ಲಕ್ಕಿಂತ ಭಯಂಕರವಾಗಬೇಕು ಎಂಬರ್ಥದಲ್ಲಿ ಮುನ್ನುಡಿಯಲ್ಲಿ ಬರೆದಿತ್ತು. ಕೊನೆಯ ಪುಟವನ್ನು ಮತ್ತೆ ನೋಡಿದೆ. ಚಿಕ್ಕ ಮಗು ಇನ್ನೊಂದು ತುಂಡು ಬ್ರೆಡ್ಡು ಕೇಳುತ್ತಿದೆ. ಇಷ್ಟು ವರ್ಷ ನಾನು ಆ ಕಥೆಯನ್ನು ಓದಿಯೇ ಇರಲಿಲ್ಲ. ಹಸಿರು ಪುಸ್ತಕ ಕಪಾಟಿನಲ್ಲೇ ಇತ್ತು. ತಪ್ಪಾಗಿ ಹೊಲಿದದ್ದು ಎಂದು ಅದನ್ನು ಯಾವಾಗಲೂ ಕೊನೆಯಿಂದ ಮೊದಲಿಗೆ ತಿರುವುತ್ತಿದ್ದೆ. ನಮ್ಮಿಬ್ಬರಲ್ಲಿ ಸರಿಯಾಗಿ ಎಣಿಸಿದವರು ಬೈಂಡರು.

ಅದೇ ಭಾನುವಾರ ಹೊಳೆನರಸೀಪುರದ ಬಸ್ಸು ಹತ್ತಿದೆ, ಹೊಸ ಪುಸ್ತಕ ಚೀಲದಲ್ಲಿಟ್ಟುಕೊಂಡು. ಪೇಟೆಯ ಅಂಗಡಿಯಲ್ಲಿ ಈಗ ಮೊಬೈಲ್ ರೀಚಾರ್ಜ್ ಬೋರ್ಡು ಇತ್ತು. ವಿಚಾರಿಸಿಕೊಂಡು ಮನೆಗೆ ಹೋದೆ. ಬೈಂಡರು ಹಿತ್ತಲಿನ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು. ಉಗುರಿನಲ್ಲಿ ನೀಲಿ ಇರಲಿಲ್ಲ. ನಾನು ಯಾರ ಮಗಳು, ಯಾರ ಮನೆಗೆ ಬರುತ್ತಿದ್ದೆ ಎಂದೆಲ್ಲ ಹೇಳಿದ ಮೇಲೆ ಗುರುತು ಹಿಡಿದರು.

"ಓ, ಮೂಳೆ ಬುಕ್ಕಿನ ಕೂಸು!"

ಹೊಸ ಪುಸ್ತಕವನ್ನು ಅವರ ಕೈಗೆ ಕೊಟ್ಟು, ಮೊದಲ ಪುಟ, ಕೊನೆಯ ಪುಟ ತೋರಿಸಿದೆ. "ನೀವು ಹೊಲಿದದ್ದೇ ಸರಿಯಾಗಿತ್ತು. ನಾನೇ ಉಲ್ಟಾ ತಿಳಿದುಕೊಂಡಿದ್ದೆ" ಎಂದೆ.

ಅವರು ಚಿತ್ರ ನೋಡಲಿಲ್ಲ. ಪುಸ್ತಕವನ್ನು ಅಡ್ಡಲಾಗಿ ಹಿಡಿದು, ಅದರ ಬೆನ್ನು ಬಗ್ಗಿಸಿ, ಒಳಗೆ ಇಣುಕಿದರು.

"ಒಲಿಗೇನೇ ಆಕಿಲ್ವಲ್ಲ ಇದ್ಕೆ. ಬರೀ ಗೋಂದು. ನಾಕು ಜನ ಓದುದ್ರೆ ಆಳೆ ಉದ್ರೋಯ್ತವೆ. ಎಷ್ಟು ಕೊಟ್ರಿ?"

ಹೇಳಿದೆ. ಪುಸ್ತಕವನ್ನು ಗೌರವದಿಂದ ತೊಡೆಯ ಮೇಲಿಟ್ಟುಕೊಂಡರು.

"ನಂದೇ ತೆಪ್ಪು ಅಂತ ನಂಬ್ಕಂಬುಟ್ಟಿದ್ದೆ ಕಣವ್ವಾ. ಓದ್ದೋರು ಏಳ್ತಾವ್ರೆ, ನಾನೇ ಎಲ್ಲೋ ಎಡವಿವ್ನಿ ಅಂತ. ಅವತ್ತಿಂದ ನಂಬ್ರು ನೋಡಿ ಜೋಡ್ಸೋದೇ ಬುಟ್ಬುಟ್ಟೆ. ಗಿರಾಕೀನೇ ಮುಂದೆ ಕೂರಿಸ್ಕಂಡು, ಒಂದೊಂದೇ ಕೊಡಿ ಸಾ, ಅಂದು ಈಸ್ಕತಿದ್ದೆ. ಅವ್ರು ಎಂಗ್ ಕೊಟ್ರೆ ಅಂಗೆ ಒಲಿಯಾದು."

ಪುಸ್ತಕವನ್ನು ನನ್ನ ಕೈಗೆ ವಾಪಸು ಕೊಟ್ಟು ಅವರೇ ಮುಂದುವರಿಸಿದರು.

"ನಂಗೆ ಏಳುದ್ರೆ ಏನ್ ಬಂತು? ಅಮ್ಮಾವ್ರಿಗೆ ಏಳಿ. ಅವ್ರಲ್ವಾ ಅಂದೋರು?"

ದೊಡ್ಡಮ್ಮನ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತಿದ್ದರು. ಎಲ್ಲವನ್ನೂ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡರು.

"ನಾನಾ? ಅವರನ್ನ ಬೈದೆನಾ? ಇಲ್ಲಪ್ಪ. ಅವರೇ ಬರೋದು ಬಿಟ್ಟರು. ಏನೋ ಗತ್ತು ಬಂದಿತ್ತು ಆಗ."

"ಬೈದಿರಿ ದೊಡ್ಡಮ್ಮ. ಇಲ್ಲೇ, ಈ ಜಗಲಿ ಮೇಲೆ. ನಾನು ಬಾಗಿಲಲ್ಲಿ ನಿಂತಿದ್ದೆ."

"ನೀನೆಲ್ಲಿ ನಿಂತಿದ್ದೆ? ಒಳಗೆ ಚಾಪೆ ಮೇಲೆ ಬಿದ್ದು ಹೊರಳಾಡ್ತಿದ್ದೆ. ಇನ್ನು ಮೇಲೆ ಅವರಿಗೆ ಏನೂ ಕೊಡಬೇಡಿ ದೊಡ್ಡಮ್ಮ, ಅಂತ ನೀನೇ ತಾನೆ ಅಂದಿದ್ದು?"

ನಾನು ಹಾಗೆ ಅಂದೆನೇ? ನನಗೆ ನೆನಪಿಲ್ಲ. ನೆನಪಿಲ್ಲ ಎಂದ ಮಾತ್ರಕ್ಕೆ ಅಂದಿಲ್ಲ ಎನ್ನಲೂ ಬಾಯಿ ಬರಲಿಲ್ಲ. ಆಡದ ಮಾತನ್ನು ಬೈಂಡರ ಬಾಯಿಗೆ ತುರುಕಿ ಹಾಸ್ಟೆಲ್ಲನ್ನೆಲ್ಲ ನಗಿಸಿದವಳು, ಆಡಿದ ಮಾತನ್ನು ನನ್ನ ಬಾಯಿಂದ ಅಳಿಸಿಕೊಂಡಿರಲಾರೆನೇ? ಬೀದಿಯ ಮನೆಗಳು ಕೈಬಿಟ್ಟದ್ದು ದೊಡ್ಡಮ್ಮನ ಮಾತಿನಿಂದ ಎಂದು ಈವರೆಗೆ ಅಂದುಕೊಂಡಿದ್ದೆ. ಆ ಮಾತು ಮೊದಲು ದೊಡ್ಡಮ್ಮನ ಕಿವಿಗೆ ಬಿದ್ದದ್ದು ನನ್ನಿಂದ ಇರಬಹುದು.

ಬೈಂಡರ ಮನೆಗೆ ವಾಪಸು ಹೋದೆ. ದಾರಿಯುದ್ದಕ್ಕೂ ಒಂದು ಸುಳ್ಳು ಸಿದ್ಧವಾಗಿತ್ತು: ದೊಡ್ಡಮ್ಮ ಬಹಳ ನೊಂದುಕೊಂಡರು ಎಂದುಬಿಡುವುದು. ಹೇಳಿದ್ದರೆ ಅವರಿಗೆ ನೆಮ್ಮದಿಯಾಗುತ್ತಿತ್ತೇನೋ. ಹೇಳಲಿಲ್ಲ. ದೊಡ್ಡಮ್ಮನಿಗೆ ನೆನಪಿಲ್ಲ ಎಂಬುದನ್ನೂ, ಕೊಡಬೇಡಿ ಎಂದವಳು ನಾನೇ ಇರಬಹುದು ಎಂಬುದನ್ನೂ ಹೇಳಿದೆ.

ಅವರು ಎರಡನೆಯದನ್ನು ಕೇಳಿಸಿಕೊಂಡ ಹಾಗೇ ಕಾಣಲಿಲ್ಲ. "ಮರ್ತೋದ್ರಾ?" ಎಂದರು. "ಅಮ್ಮಾವ್ರು ಮರ್ತೇಬುಟ್ರಾ? ನಾನು ಅವತ್ತಿಂದ ಆ ಬೀದೀಗೆ ಕಾಲಿಕ್ಕಿಲ್ಲ ಕಣವ್ವಾ. ಬಸ್ಟ್ಯಾಂಡಿಗೆ ಓಗ್ಬೇಕಾದ್ರೂ ಸಂತೆಮಾಳ ಸುತ್ಕಂಡು ಓಯ್ತಿದ್ದೆ. ಅವ್ರು ನೋಡಿ ಏನಾರಾ ಅಂದಾರು ಅಂತ."

ಎದ್ದು ಹೆಗಲಿಗೆ ಟವೆಲ್ ಹಾಕಿಕೊಂಡರು. "ನಿಮ್ಗೆ ಬಸ್ಸಿಗೆ ಒತ್ತಾಯ್ತದೆ. ನಡೀರಿ, ಆ ಬೀದೀಲೇ ಓಗುಮಾ."

ಬಿಸಿಲು ಇಳಿಯುತ್ತಿತ್ತು. ಅವರು ನಿಧಾನವಾಗಿ, ಒಂದೊಂದು ಮನೆಯ ಬಾಗಿಲು ನೋಡುತ್ತ ನಡೆದರು. ದೊಡ್ಡಮ್ಮ ಇನ್ನೂ ಜಗಲಿಯ ಮೇಲೇ ಇದ್ದರು. ಕಣ್ಣು ಕಿರಿದು ಮಾಡಿ ನೋಡಿದರು.

"ಏನ್ರೀ, ಇಷ್ಟು ವರ್ಷ ಎಲ್ಲಿ ಹೋಗಿದ್ರಿ?"

"ಎಲ್ಲೂ ಓಗಿಲ್ಲ ಕಣ್ರಮ್ಮಾ. ಇದೇ ಊರಲ್ಲೇ ಇವ್ನಿ."

"ಮತ್ತೆ ಬರೋದು ಯಾಕೆ ಬಿಟ್ರಿ?"

"ನಾನೆಲ್ಲಿ ಬುಟ್ಟೆ? ನೀವು ತಾನೆ ಬರ್ಬ್ಯಾಡಿ ಅಂದೋರು?"

"ನಾನು ಅನ್ನಲೇ ಇಲ್ಲ!"

"ಅಂದ್ರಿ ಕಣ್ರಮ್ಮಾ. ಈ ಕಂಬದ ತಾವೇ ನಿಂತ್ಕಂಡು ಅಂದ್ರಿ."

"ಕಂಬದ ಹತ್ತಿರ ನಿಂತಿದ್ದೋರು ನೀವು. ನಾನು ಕೂತಿದ್ದೆ."

ನಾನು ನಡುವೆ ಬಾಯಿ ಹಾಕಿ, ಎದುರು ಮನೆಯವರಿಗೂ ಕೇಳುವಷ್ಟು ಜೋರಾಗಿ, "ತಪ್ಪು ನಂದು. ಇಬ್ಬರದೂ ಅಲ್ಲ. ನಾನೇ ಕಥೆ ತಪ್ಪು ತಿಳಿದುಕೊಂಡಿದ್ದೆ" ಎಂದೆ.

"ನೀನು ಸುಮ್ನಿರೇ, ನಿನಗೇನು ಗೊತ್ತಾಗ್ತಿತ್ತು ಆಗ" ಎಂದರು ದೊಡ್ಡಮ್ಮ.

"ನೀವು ಸುಮ್ಕಿರವ್ವಾ, ಚಿಕ್ಕೋರು ನೀವು" ಎಂದರು ಬೈಂಡರು.

ಇಬ್ಬರೂ ಮತ್ತೆ ಕಂಬಕ್ಕೆ ಹಿಂತಿರುಗಿದರು. ಬೈಂಡರು ಜಗಲಿಯ ತುದಿಯಲ್ಲಿ ಕುಳಿತು, ಯಾರು ಎಲ್ಲಿದ್ದರು ಎಂದು ತೋರಿಸಲು ಮೊರವನ್ನು ಪಕ್ಕಕ್ಕೆ ಸರಿಸಿದರು. ದೊಡ್ಡಮ್ಮ ಅದನ್ನು ಮತ್ತೆ ತಮ್ಮ ಕಡೆಗೆ ಎಳೆದುಕೊಂಡು, "ಕಾಫಿಗೆ ಸಕ್ಕರೆ ಹಾಕಬಹುದೋ ಇಲ್ಲವೋ ಮೊದಲು ಹೇಳಿ, ಆಮೇಲೆ ಜಗಳ" ಎಂದರು. ಹಾಸನದ ಬಸ್ಸು ಹೊರಡುವ ಹೊತ್ತಾಗಿತ್ತು. ನಾನು ಚೀಲ ಕೆಳಗಿಟ್ಟು ಕಾಫಿ ಮಾಡಲು ಒಳಗೆ ಹೋದೆ.